ಅತ್ತಿಗೆಗೆ ಪಾಠ ಹೇಳಿದ ಐಂಥೋವನ್

ಎರಡು ವರ್ಷದ ಹಿಂದಿನ ಮಾತು. ನಾನಾಗ ದ್ವಿತೀಯ ಪಿಯುಸಿ ಮುಗಿಸಿ, ಸಿಇಟಿ ಸೀಟಿಗೆ ಕಾಯುತ್ತಾ ಊರಲ್ಲೇ ಇದ್ದೆ. ನಮ್ಮೂರು ಚನ್ನಗಿರಿ ತಾಲ್ಲೂಕಿನ ಉಬ್ರಾಣಿ. ಒಂದು ರಾತ್ರಿ ಊಟ ಮುಗಿಸಿ ಕೂತಿದ್ದ ದೊಡ್ಡಪ್ಪ ಎದೆ ಉರಿಯುತ್ತಿದೆ ಎಂದರು. ಗ್ಯಾಸ್ ಇರಬೇಕು ಎಂದು ನಾವೆಲ್ಲ ಅಂದೆವು, ಅವರೂ ಅದನ್ನೇ ಅಂದರು. ಜೀರಿಗೆ ಕಷಾಯ ಆಯಿತು, ಅಂಗಡಿ ಬಾಗಿಲು ತಟ್ಟಿ ಸೋಡಾ ತಂದಿದ್ದೂ ಆಯಿತು. ಬೆಳಗಿನ ಜಾವ ಬೆವರಿಗೆ ಬನಿಯನ್ ಪೂರ್ತಿ ಒದ್ದೆಯಾದಾಗ ಪಕ್ಕದ ಮನೆಯವರ ಓಮ್ನಿ ಹೊರಟಿತು. ಆಸ್ಪತ್ರೆ ಮುಟ್ಟುವ ಮೊದಲೇ ದೊಡ್ಡಪ್ಪ ಹೋಗಿಬಿಟ್ಟರು.

ಅವತ್ತು ನಮ್ಮ ಅತ್ತಿಗೆ ನೈಟ್ ಡ್ಯೂಟಿಯಲ್ಲಿದ್ದರು. ಅವರು ಸರ್ಕಾರಿ ಆಸ್ಪತ್ರೆಯೊಂದರಲ್ಲಿ ನರ್ಸ್. ಮನೆಯಲ್ಲೇ ನರ್ಸ್ ಇದ್ದೂ ಹೀಗಾಯಿತಲ್ಲ ಎಂದು ತಿಥಿಗೆ ಬಂದ ನೆಂಟರಲ್ಲಿ ಯಾರೋ ಅಂದದ್ದು ಅತ್ತಿಗೆಯ ಕಿವಿಗೂ ಬಿತ್ತು. ಅವರು ಏನೂ ಮಾತಾಡಲಿಲ್ಲ. ಎಲೆ ಹಾಕುತ್ತಿದ್ದವರು ಹಾಕುತ್ತಲೇ ಇದ್ದರು. ಅದನ್ನು ಮಾತ್ರ ನಾನು ಮರೆತಿಲ್ಲ.

ಕಳೆದ ವರ್ಷ ಅವರ ಆಸ್ಪತ್ರೆಗೆ ಹೊಸ ಇಸಿಜಿ ಯಂತ್ರ ಬಂತು. ಬರೀ ಗೆರೆ ಎಳೆದು ಸುಮ್ಮನಾಗುವ ಯಂತ್ರವಲ್ಲ ಅದು. ಗೆರೆಯನ್ನು ತಾನೇ ಓದಿ, ಕಾಗದದ ತಲೆಯ ಮೇಲೆ ಇಂಗ್ಲಿಷಿನಲ್ಲಿ ತನ್ನ ಅಭಿಪ್ರಾಯವನ್ನೂ ಅಚ್ಚು ಹಾಕುತ್ತದೆ. ನರ್ಸ್‌ಗಳಿಗೆಲ್ಲ ಒಂದು ದಿನದ ತರಬೇತಿ ನಡೆಯಿತು. ಪರದೆಯ ಮೇಲೆ ಸ್ಲೈಡ್ ಓಡಿದವು, ಪ್ರಮಾಣಪತ್ರ ಸಿಕ್ಕಿತು. ಅತ್ತಿಗೆ ಮನೆಗೆ ಬಂದು ಬ್ಯಾಗ್ ಇಳಿಸಿದವರೇ ನನ್ನನ್ನು ಕೂರಿಸಿಕೊಂಡರು. ನಾನು ದಾವಣಗೆರೆಯಲ್ಲಿ ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್ ಓದುವವನು. ಓದಿದ್ದು ಏನಕ್ಕಾದರೂ ಬರಲಿ, ನನಗೆ ಇದನ್ನು ಕಲಿಸು ಎಂದರು.

ನಾನು ಹುರುಪಿನಿಂದ ಶುರು ಮಾಡಿದೆ. ಯಾವ ಬಟನ್ ಏನು, ಮೆನುವಿನಲ್ಲಿ ಎಲ್ಲಿ ಹೋಗಬೇಕು, ಫಿಲ್ಟರ್ ಎಂದರೇನು ಎಂದು ಎರಡು ಸಂಜೆ ಹೇಳಿದೆ. ಅತ್ತಿಗೆ ಎಲ್ಲವನ್ನೂ ಬರೆದುಕೊಂಡರು. ಮೂರನೇ ಸಂಜೆ ಒಂದು ಪ್ರಶ್ನೆ ಕೇಳಿದರು. ಹೃದಯ ಇರುವುದು ಎದೆಯಲ್ಲಿ, ತಂತಿ ಕಟ್ಟುವುದು ಕೈಗೆ ಕಾಲಿಗೆ. ಕೈಯ ತಂತಿಗೆ ಎದೆಯ ಸುದ್ದಿ ಹೇಗೆ ಗೊತ್ತಾಗುತ್ತದೆ? ನನ್ನ ಬಾಯಿ ಕಟ್ಟಿತು. ಆಂಪ್ಲಿಫೈಯರ್ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆಯಬಲ್ಲೆ, ಈ ಸರಳ ಪ್ರಶ್ನೆಗೆ ಉತ್ತರ ಇರಲಿಲ್ಲ. ಉತ್ತರ ಹುಡುಕಿ ಕಾಲೇಜಿನ ಲೈಬ್ರರಿಗೆ ಹೋದಾಗ ಸಿಕ್ಕವರು ವಿಲ್ಲೆಮ್ ಐಂಥೋವನ್. ಅವರು ತೀರಿಕೊಂಡು ನೂರು ವರ್ಷವಾಗುತ್ತಾ ಬಂತು. ಅವರ ಬದುಕನ್ನು ಕಂತು ಕಂತಾಗಿ ಅತ್ತಿಗೆಗೆ ಹೇಳಿದೆ. ಅದೇ ನಮ್ಮಿಬ್ಬರ ಸಿಲಬಸ್ ಆಯಿತು. ಗೆಳೆಯರೇ, ಆ ಕಥೆಯನ್ನು ನಿಮಗೂ ಹೇಳಬೇಕೆನಿಸಿದೆ.

ಜಾವಾದಲ್ಲಿ ಹುಟ್ಟಿದ ಹುಡುಗ

ಐಂಥೋವನ್ ಡಚ್ಚರು. ಆದರೆ ಹುಟ್ಟಿದ್ದು ನೆದರ್‌ಲೆಂಡ್ಸ್‌ನಲ್ಲಿ ಅಲ್ಲ, ಇಂದಿನ ಇಂಡೊನೇಷ್ಯಾದ ಜಾವಾ ದ್ವೀಪದ ಸೆಮರಾಂಗ್ ಊರಿನಲ್ಲಿ, 1860ರ ಮೇ 21ರಂದು. ಆಗ ಅದು ಡಚ್ಚರ ವಸಾಹತು. ತಂದೆ ಅಲ್ಲಿ ವೈದ್ಯರಾಗಿದ್ದರು. ಹುಡುಗ ಇನ್ನೂ ಚಿಕ್ಕವನಿರುವಾಗಲೇ ತಂದೆ ತೀರಿಕೊಂಡರು. ತಾಯಿ ಆರು ಮಕ್ಕಳನ್ನು ಕಟ್ಟಿಕೊಂಡು 1870ರಲ್ಲಿ ಹಡಗು ಹತ್ತಿ ಉಟ್ರೆಕ್ಟ್ ನಗರಕ್ಕೆ ಬಂದರು. 1878ರಲ್ಲಿ ಐಂಥೋವನ್ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಲು ಸೇರಿದರು. ತಂದೆಯ ದಾರಿಯಲ್ಲೇ ನಡೆದು ವೈದ್ಯನಾಗಬೇಕು ಎಂಬುದಷ್ಟೇ ಆಗಿನ ಆಸೆ.

ಪುಸ್ತಕದ ಹುಳು ಎಂದುಕೊಳ್ಳಬೇಡಿ. ಕಸರತ್ತು, ಕತ್ತಿವರಸೆ, ದೋಣಿ ಹುಟ್ಟು ಹಾಕುವುದು ಎಲ್ಲದರಲ್ಲೂ ಮುಂದು. ಉಟ್ರೆಕ್ಟ್‌ನ ವಿದ್ಯಾರ್ಥಿಗಳ ದೋಣಿ ಕ್ಲಬ್ ಸ್ಥಾಪಿಸಿದವರಲ್ಲಿ ಅವರೂ ಒಬ್ಬರು. ಹೀಗೆ ಆಡುವಾಗ ಒಮ್ಮೆ ಮಣಿಕಟ್ಟು ಮುರಿಯಿತು. ನಾವಾದರೆ ಮೊಬೈಲ್ ನೋಡುತ್ತಾ ದಿನ ಕಳೆಯುತ್ತಿದ್ದೆವು. ಅವರು ತನ್ನ ಕೈ ಹೇಗೆ ತಿರುಗುತ್ತದೆ, ಮೊಣಕೈ ಕೀಲು ಹೇಗೆ ಕೆಲಸ ಮಾಡುತ್ತದೆ ಎಂದು ಗಮನಿಸತೊಡಗಿದರು. ಅವರ ಮೊದಲ ಮುಖ್ಯ ಸಂಶೋಧನೆ ಮೊಣಕೈ ಕೀಲಿನ ಮೇಲೆಯೇ. ಇದನ್ನು ಕೇಳಿ ಅತ್ತಿಗೆ ನಕ್ಕರು. ಬ್ಯಾಕ್‌ಲಾಗ್ ಇಟ್ಟುಕೊಂಡು ಮಳೆಯನ್ನು ಬೈಯುವ ನನ್ನ ಕಡೆ ನೋಡಿ ನಕ್ಕಿದ್ದು ಅದು.

1885ರಲ್ಲಿ ಡಾಕ್ಟರೇಟ್ ಬಂತು. ಮರುವರ್ಷವೇ, ಇಪ್ಪತ್ತೈದರ ವಯಸ್ಸಿನಲ್ಲಿ, ಲೈಡನ್ ವಿಶ್ವವಿದ್ಯಾಲಯದಲ್ಲಿ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕ ಹುದ್ದೆ. ಸಾಯುವವರೆಗೂ ಅವರು ಆ ಊರು ಬಿಡಲಿಲ್ಲ, ಆ ಹುದ್ದೆಯನ್ನೂ ಬಿಡಲಿಲ್ಲ.

ನಡುಗುವ ನೆಲ, ಸೋಮಾರಿ ಪಾದರಸ

ಹೃದಯ ಬಡಿದಾಗಲೆಲ್ಲ ಅದರ ಸ್ನಾಯುವಿನಲ್ಲಿ ಅತಿ ಸಣ್ಣ ವಿದ್ಯುತ್ ಹರಿಯುತ್ತದೆ. ನಮ್ಮ ದೇಹದ ತುಂಬ ಉಪ್ಪುನೀರು ಇರುವುದರಿಂದ ಆ ವಿದ್ಯುತ್ತಿನ ಏರಿಳಿತ ಚರ್ಮದವರೆಗೂ, ಕೈಕಾಲಿನ ತುದಿವರೆಗೂ ಬರುತ್ತದೆ. ಅತ್ತಿಗೆಯ ಪ್ರಶ್ನೆಗೆ ಉತ್ತರ ಇಷ್ಟೇ. ಕೆರೆಯ ನಡುವೆ ಮೀನು ಹಾರಿದರೆ ದಡದಲ್ಲಿ ಕೂತವನ ಕಾಲಿಗೂ ಅಲೆ ತಾಗುವುದಿಲ್ಲವೇ, ಹಾಗೆ. ಆದರೆ ಆ ಅಲೆ ಎಷ್ಟು ಸಣ್ಣದು ಎಂದರೆ, ಕೈಕಾಲಿನಲ್ಲಿ ಅಳೆದರೆ ಸುಮಾರು ಒಂದು ಮಿಲಿವೋಲ್ಟ್. ಟಿವಿ ರಿಮೋಟಿನ ಒಂದು ಸೆಲ್‌ನ ಸಾವಿರದೈನೂರನೇ ಒಂದು ಪಾಲು.

ಮನುಷ್ಯನ ಹೃದಯದ ಈ ವಿದ್ಯುತ್ತನ್ನು ಮೊದಲು ದಾಖಲಿಸಿದವರು ಐಂಥೋವನ್ ಅಲ್ಲ. ಲಂಡನ್ನಿನ ಆಗಸ್ಟಸ್ ವಾಲರ್ 1887ರಲ್ಲೇ ಅದನ್ನು ಮಾಡಿದ್ದರು. ತಮ್ಮ ಸಾಕುನಾಯಿ ಜಿಮ್ಮಿಯ ಕಾಲುಗಳನ್ನು ಉಪ್ಪುನೀರಿನ ಪಾತ್ರೆಯಲ್ಲಿ ನಿಲ್ಲಿಸಿ ಸಭೆಗಳಲ್ಲಿ ತೋರಿಸುತ್ತಿದ್ದರು. ನಾಯಿಗೆ ಹಿಂಸೆಯಾಗುತ್ತಿದೆಯೇ ಎಂದು ಬ್ರಿಟನ್ನಿನ ಸಂಸತ್ತಿನಲ್ಲೂ ಒಮ್ಮೆ ಪ್ರಶ್ನೆ ಬಂದಿತ್ತು. 1889ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಐಂಥೋವನ್ ವಾಲರ್ ಅವರ ಪ್ರಯೋಗ ನೋಡಿದರು. ಗೆರೆ ಕಂಡಿತು, ಆದರೆ ಅದು ಸರಿಯಾದ ಗೆರೆಯಲ್ಲ ಎಂಬುದೂ ಅವರಿಗೆ ಕಂಡಿತು.

ಕಾರಣ ಉಪಕರಣ. ಅದರ ಹೆಸರು ಕ್ಯಾಪಿಲರಿ ಎಲೆಕ್ಟ್ರೋಮೀಟರ್. ಸಪೂರ ಗಾಜಿನ ಕೊಳವೆಯಲ್ಲಿ ಪಾದರಸ ಏರಿ ಇಳಿಯುವುದನ್ನು ನೋಡಬೇಕು. ಪಾದರಸ ಭಾರ, ಸೋಮಾರಿ. ಹೃದಯದ ಏರಿಳಿತದ ವೇಗಕ್ಕೆ ಅದು ಸಮನಾಗಿ ಓಡುವುದಿಲ್ಲ. ಸಾಲದ್ದಕ್ಕೆ ಬೀದಿಯಲ್ಲಿ ಕುದುರೆ ಗಾಡಿ ಹೋದರೆ ಪ್ರಯೋಗಾಲಯದ ನೆಲ ನಡುಗಿ ಗೆರೆಯೂ ನಡುಗುತ್ತಿತ್ತು. ಐಂಥೋವನ್ ನೆಲದ ನಡುಕ ತಪ್ಪಿಸಲು ಹೆಣಗಿದರು. ಪಾದರಸದ ಸೋಮಾರಿತನ ಎಷ್ಟು ಎಂದು ಅಳೆದು, ಗಣಿತ ಹಾಕಿ, ನಿಜವಾದ ಗೆರೆ ಹೇಗಿರಬೇಕು ಎಂದು ಕಾಗದದ ಮೇಲೆ ಲೆಕ್ಕ ಮಾಡಿ ಬಿಡಿಸಿದರು. ಹೀಗೆ ತಿದ್ದಿದ ಗೆರೆಯ ಐದು ಏರಿಳಿತಗಳಿಗೆ 1895ರಲ್ಲಿ ಪಿ, ಕ್ಯೂ, ಆರ್, ಎಸ್, ಟಿ ಎಂದು ಹೆಸರಿಟ್ಟರು. ಇವತ್ತಿಗೂ ಜಗತ್ತಿನ ಎಲ್ಲ ಆಸ್ಪತ್ರೆಗಳಲ್ಲೂ ಅವೇ ಹೆಸರು.

ಎರಡು ಕೋಣೆ, ಐದು ಜನ, ಒಂದು ಎಳೆ

ಒಂದೊಂದು ಗೆರೆಗೂ ಲೆಕ್ಕ ಮಾಡುತ್ತಾ ಕೂತರೆ ರೋಗಿಗೆ ಪ್ರಯೋಜನವಿಲ್ಲ. ತಿದ್ದುವ ಅಗತ್ಯವೇ ಬಾರದ ಉಪಕರಣ ಬೇಕಿತ್ತು. 1901ರಲ್ಲಿ ಐಂಥೋವನ್ ಅದರ ವಿವರ ಪ್ರಕಟಿಸಿದರು. ಅದೇ ತಂತಿ ಗಾಲ್ವನೋಮೀಟರ್. ಬಲವಾದ ವಿದ್ಯುತ್ಕಾಂತದ ಎರಡು ಧ್ರುವಗಳ ನಡುವೆ ಬೆಳ್ಳಿ ಲೇಪಿಸಿದ ಕ್ವಾರ್ಟ್ಜ್ ಎಳೆಯೊಂದನ್ನು ಕಟ್ಟಿದ್ದರು. ಆ ಎಳೆ ತಲೆಗೂದಲಿಗಿಂತ ಎಷ್ಟೋ ಪಾಲು ಸಪೂರ. ಕ್ವಾರ್ಟ್ಜನ್ನು ಕರಗಿಸಿ, ಬಾಣಕ್ಕೆ ಅಂಟಿಸಿ, ಬಾಣ ಹೊಡೆದಾಗ ಹಿಂದೆ ಎಳೆಯಂತೆ ಬರುವುದನ್ನು ಹಿಡಿಯುತ್ತಿದ್ದರು. ಹೃದಯದ ವಿದ್ಯುತ್ ಎಳೆಯಲ್ಲಿ ಹರಿದರೆ ಅದು ಕಾಂತದ ನಡುವೆ ಅತ್ತಿತ್ತ ಸರಿಯುತ್ತದೆ. ಎಳೆಯ ನೆರಳನ್ನು ಚಲಿಸುವ ಫೋಟೊ ಫಲಕದ ಮೇಲೆ ಬೀಳಿಸಿದರೆ ಗೆರೆ ಮೂಡುತ್ತದೆ.

ಯಂತ್ರದ ತೂಕ ಸುಮಾರು 270 ಕೆ.ಜಿ. ಇಡಲು ಎರಡು ಕೋಣೆ ಬೇಕು, ನಡೆಸಲು ಐದು ಜನ ಬೇಕು. ಕಾಂತ ಕಾಯುತ್ತಿದ್ದುದರಿಂದ ತಣಿಸಲು ನೀರು ಹರಿಸಬೇಕು. ರೋಗಿ ಎರಡೂ ಕೈಗಳನ್ನು ಮತ್ತು ಎಡಗಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಇಟ್ಟು ಕೂರಬೇಕು. ಆ ಫೋಟೊವನ್ನು ಅತ್ತಿಗೆಗೆ ತೋರಿಸಿದಾಗ ಅವರು ಬಹಳ ಹೊತ್ತು ನೋಡಿದರು. ನಾವು ಈಗ ಹಚ್ಚುವ ಜೆಲ್ ಆಗಿನ ಉಪ್ಪುನೀರೇ ಎಂದರು. ನಾನು ಹೇಳಿಕೊಡದೆ ಅವರಿಗೆ ಹೊಳೆದದ್ದು ಅದು. ಒಣ ಚರ್ಮದ ಮೇಲೆ ಎಲೆಕ್ಟ್ರೋಡ್ ಇಟ್ಟರೆ ಗೆರೆ ಯಾಕೆ ಹಾಳಾಗುತ್ತದೆ ಎಂದು ತರಬೇತಿಯ ಸ್ಲೈಡ್ ನೋಡಿ ಅರ್ಥವಾಗದ್ದು ಆ ಒಂದು ಫೋಟೊ ನೋಡಿ ಅರ್ಥವಾಯಿತು.

ಇನ್ನೊಂದು ಸಂಗತಿ ಅವರಿಗೆ ಇಷ್ಟವಾಯಿತು. ಇಸಿಜಿ ಕಾಗದದಲ್ಲಿ ಸಣ್ಣ ಸಣ್ಣ ಚೌಕಗಳಿರುತ್ತವೆ. ಅಡ್ಡಕ್ಕೆ ಒಂದು ಚೌಕ ಎಂದರೆ 0.04 ಸೆಕೆಂಡ್, ಎತ್ತರಕ್ಕೆ ಒಂದು ಚೌಕ ಎಂದರೆ 0.1 ಮಿಲಿವೋಲ್ಟ್. ಈ ಅಳತೆ ಐಂಥೋವನ್ ಅವರದೇ. 270 ಕೆ.ಜಿ. ಯಂತ್ರ ಈಗ ಲ್ಯಾಪ್‌ಟಾಪಿನಷ್ಟು ಆಗಿದೆ, ಆದರೆ ಚೌಕ ಬದಲಾಗಿಲ್ಲ.

ಒಂದೂವರೆ ಕಿ.ಮೀ. ದೂರದ ಹೃದಯ

ಯಂತ್ರವನ್ನು ಆಸ್ಪತ್ರೆಗೆ ಹೊರುವಂತಿರಲಿಲ್ಲ. ಹಾಸಿಗೆ ಹಿಡಿದ ರೋಗಿಯನ್ನು ಪ್ರಯೋಗಾಲಯಕ್ಕೆ ತರುವಂತೆಯೂ ಇರಲಿಲ್ಲ. ಹಾಗಾದರೆ ಹೃದಯದ ಸುದ್ದಿಯನ್ನೇ ತಂತಿಯ ಮೇಲೆ ತರಿಸೋಣ ಎಂದು ಐಂಥೋವನ್ ಯೋಚಿಸಿದರು. 1905ರ ಮಾರ್ಚ್ 22ರಂದು, ಲೈಡನ್ನಿನ ಆಸ್ಪತ್ರೆಯಿಂದ ಒಂದೂವರೆ ಕಿ.ಮೀ. ದೂರದ ಪ್ರಯೋಗಾಲಯಕ್ಕೆ ಟೆಲಿಫೋನ್ ತಂತಿಯ ಮೂಲಕ ಇಸಿಜಿ ಹರಿದು ಬಂತು. ಮರುವರ್ಷ ಪ್ರಕಟಿಸಿದ ಲೇಖನದಲ್ಲಿ ಬೇರೆ ಬೇರೆ ಹೃದಯರೋಗಗಳಲ್ಲಿ ಗೆರೆ ಹೇಗೆ ಬದಲಾಗುತ್ತದೆ ಎಂದು ತೋರಿಸಿದರು.

ಕಮ್ಯುನಿಕೇಷನ್ ಓದುವ ನನಗೆ ಇದು ರೋಮಾಂಚನ. ಅತ್ತಿಗೆಯ ಗಮನ ಬೇರೆ ಕಡೆ ಹೋಯಿತು. ಪ್ರೊಫೆಸರು ಆ ತುದಿಯಲ್ಲಿದ್ದರು, ಸರಿ. ಈ ತುದಿಯಲ್ಲಿ ರೋಗಿಯನ್ನು ಕೂರಿಸಿ, ಕೈಯನ್ನು ಉಪ್ಪುನೀರಿಗೆ ಇಳಿಸಿ, ಅಲ್ಲಾಡಬೇಡಿ ಎಂದು ಸಮಾಧಾನ ಹೇಳಿದವರು ಯಾರು ಎಂದು ಕೇಳಿದರು. ನನ್ನ ಪಠ್ಯಪುಸ್ತಕದಲ್ಲಿ ಆ ಹೆಸರಿಲ್ಲ. ಆದರೆ ಆ ಕೆಲಸ ಸರಿಯಾಗಿ ಆಗದಿದ್ದರೆ ಒಂದೂವರೆ ಕಿ.ಮೀ. ತಂತಿಯೂ ವ್ಯರ್ಥ, 270 ಕೆ.ಜಿ. ಯಂತ್ರವೂ ವ್ಯರ್ಥ.

ನಮ್ಮ ರಾಜ್ಯದಲ್ಲಿ ಈಗ ನಡೆಯುತ್ತಿರುವುದೂ ಅದೇ ವ್ಯವಸ್ಥೆಯ ದೊಡ್ಡ ರೂಪ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೃದಯಾಘಾತದಿಂದ ತೀರಿಕೊಂಡದ್ದು ನಮಗೆಲ್ಲ ನೆನಪಿದೆ. ಅವರ ಹೆಸರಿನಲ್ಲೇ ಸರ್ಕಾರ 2023ರಲ್ಲಿ ಹೃದಯ ಜ್ಯೋತಿ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಇಂಟರ್ನೆಟ್ ಮೂಲಕ ಹೋಗುತ್ತದೆ, ಕೃತಕ ಬುದ್ಧಿಮತ್ತೆಯ ನೆರವಿನಿಂದ ಅದನ್ನು ಓದಲಾಗುತ್ತದೆ, ಜಯದೇವದಂತಹ ದೊಡ್ಡ ಆಸ್ಪತ್ರೆಯ ತಜ್ಞರ ಸಲಹೆ ಸಿಗುತ್ತದೆ. ಹೃದಯಾಘಾತ ಎಂದು ಖಚಿತವಾದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಎದೆನೋವು ಎಂದು ಬಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು ಎಂಬುದು ವೈದ್ಯರ ನಿಯಮ. ಆ 10 ನಿಮಿಷ ಬಹುಪಾಲು ಇರುವುದು ನರ್ಸ್ ಕೈಯಲ್ಲಿ.

ಅಂಗಳದ ತ್ರಿಕೋನ

1912ರ ಹೊತ್ತಿಗೆ ಐಂಥೋವನ್ ಇನ್ನೊಂದು ಸರಳ ಚಿತ್ರ ಕೊಟ್ಟರು. ಬಲಗೈ, ಎಡಗೈ, ಎಡಗಾಲು ಮೂರು ಮೂಲೆ, ನಡುವೆ ಹೃದಯ. ಇದನ್ನು ಐಂಥೋವನ್ ತ್ರಿಕೋನ ಎನ್ನುತ್ತಾರೆ. ಬಲಗೈಯಿಂದ ಎಡಗೈಗೆ ನೋಡಿದರೆ ಒಂದನೇ ಲೀಡ್, ಬಲಗೈಯಿಂದ ಕಾಲಿಗೆ ಎರಡನೇ ಲೀಡ್, ಎಡಗೈಯಿಂದ ಕಾಲಿಗೆ ಮೂರನೇ ಲೀಡ್. ಒಂದು ಮತ್ತು ಮೂರನ್ನು ಕೂಡಿದರೆ ಎರಡು ಬರಬೇಕು.

ಇದನ್ನು ಅತ್ತಿಗೆಗೆ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದರೆ ತಲೆಗೆ ಹೋಗಲಿಲ್ಲ. ಅಡಿಕೆ ಒಣಗಿಸುವ ಅಂಗಳದಲ್ಲಿ ಸೀಮೆಸುಣ್ಣದಿಂದ ದೊಡ್ಡ ತ್ರಿಕೋನ ಎಳೆದು, ಮೂಲೆಗೆ ಒಂದೊಂದು ಗೋಟು ಅಡಿಕೆ ಇಟ್ಟೆ. ಕೆಂಪು ತಂತಿ ಬಲಗೈ, ಹಳದಿ ಎಡಗೈ, ಹಸಿರು ಎಡಗಾಲು. ಉಳಿದ ಕಪ್ಪು ಬಲಗಾಲಿಗೆ, ಅದು ಅಳತೆಗಲ್ಲ, ಯಂತ್ರಕ್ಕೊಂದು ಆಧಾರ. ಆಮೇಲೆ ಮೇಲಿನ ಎರಡು ಅಡಿಕೆಗಳನ್ನು ಅದಲುಬದಲು ಮಾಡಿ, ಈಗ ಏನಾಗುತ್ತದೆ ಎಂದು ಕೇಳಿದೆ. ಅತ್ತಿಗೆ ತ್ರಿಕೋನದ ಸುತ್ತ ಒಂದು ಸುತ್ತು ನಡೆದರು. ಒಂದನೇ ಲೀಡ್ ತಲೆಕೆಳಗಾಗುತ್ತದೆ, ಎರಡು ಇದ್ದಲ್ಲಿ ಮೂರು, ಮೂರು ಇದ್ದಲ್ಲಿ ಎರಡು ಬರುತ್ತದೆ ಎಂದರು. ಸರಿಯಾದ ಉತ್ತರ. ನಮ್ಮ ಕ್ಲಾಸಿನಲ್ಲಿ ಅರ್ಧ ಜನಕ್ಕೆ ಬಾರದ ಉತ್ತರ.

ಆಮೇಲೆ ಅವರು ನನಗೆ ಪಾಠ ಶುರು ಮಾಡಿದರು. ಪುಸ್ತಕದಲ್ಲಿ ಎದೆಯ ಆರು ಎಲೆಕ್ಟ್ರೋಡ್‌ಗಳ ಜಾಗ ಚಂದವಾಗಿ ಬರೆದಿದೆ. ಮೊದಲನೆಯದು ಎದೆಮೂಳೆಯ ಬಲಕ್ಕೆ ನಾಲ್ಕನೇ ಪಕ್ಕೆಲುಬಿನ ಸಂದಿನಲ್ಲಿ, ಎರಡನೆಯದು ಅದೇ ಸಾಲಿನಲ್ಲಿ ಎಡಕ್ಕೆ, ನಾಲ್ಕನೆಯದು ಐದನೇ ಸಂದಿನಲ್ಲಿ, ಹೀಗೆ. ಆದರೆ ಅಡಿಕೆ ಸುಲಿಯುವ ಕೆಲಸದಿಂದ ಎದ್ದು ಬಂದ ಹೆಂಗಸು ರವಿಕೆ ಗುಂಡಿ ತೆಗೆಯಲು ನಾಚುತ್ತಾಳೆ, ಜತೆಗೆ ಬಂದ ಮೈದುನ ಹೊರಗೆ ಹೋಗುವುದಿಲ್ಲ. ಅಡ್ಡ ಪರದೆ ಇಲ್ಲದಿದ್ದರೆ ಎಲೆಕ್ಟ್ರೋಡ್ ಇರಬೇಕಾದ ಜಾಗಕ್ಕಿಂತ ಎರಡು ಬೆರಳು ಮೇಲೆ ಹೋಗುತ್ತದೆ, ಗೆರೆ ಬದಲಾಗುತ್ತದೆ. ಗದ್ದೆಯಿಂದ ಬಂದವನ ಎದೆ ಬೆವರಿಗೆ ಜಾರುತ್ತದೆ, ಒರೆಸಬೇಕು. ಚಳಿಯಲ್ಲಿ, ಭಯದಲ್ಲಿ ಮೈ ನಡುಗಿದರೆ ಗೆರೆಯೂ ನಡುಗುತ್ತದೆ, ಕಂಬಳಿ ಹೊದಿಸಬೇಕು, ಎರಡು ಮಾತಾಡಬೇಕು. ಇವು ಯಾವುವೂ ಯಂತ್ರದ ಮೆನುವಿನಲ್ಲಿ ಇರಲಿಲ್ಲ. ಲೈಡನ್ನಿನ ನೆಲವನ್ನು ಕುದುರೆ ಗಾಡಿ ನಡುಗಿಸಿದ ಕಥೆ ಅತ್ತಿಗೆಗೆ ಯಾಕೆ ಅಷ್ಟು ಹಿಡಿಸಿತ್ತು ಎಂದು ಆಗ ತಿಳಿಯಿತು.

ಅರ್ಧ ಬಹುಮಾನ

ಐಂಥೋವನ್ ಅವರ ಯಂತ್ರವನ್ನು ಇಂಗ್ಲೆಂಡಿನ ಕೇಂಬ್ರಿಡ್ಜ್ ಸೈಂಟಿಫಿಕ್ ಇನ್‌ಸ್ಟ್ರುಮೆಂಟ್ ಕಂಪನಿ ತಯಾರಿಸಿ ಮಾರತೊಡಗಿತು. ಲಂಡನ್ನಿನ ವೈದ್ಯ ಥಾಮಸ್ ಲೂಯಿಸ್ ಅದನ್ನು ರೋಗಿಗಳ ಮೇಲೆ ಬಳಸಿ, ಹೃದಯದ ತಾಳ ತಪ್ಪುವ ಕಾಯಿಲೆಗಳನ್ನು ಒಂದೊಂದಾಗಿ ಗುರುತಿಸಿದರು. ಯಂತ್ರ ಕಟ್ಟಿದವರು ಒಬ್ಬರು, ಅದನ್ನು ಹಾಸಿಗೆಯ ಬಳಿ ಅರ್ಥಪೂರ್ಣ ಮಾಡಿದವರು ಇನ್ನೊಬ್ಬರು. ಲೂಯಿಸ್ ಅವರ ಋಣವನ್ನು ಐಂಥೋವನ್ ಬಹಿರಂಗವಾಗಿ ಒಪ್ಪಿಕೊಂಡರು.

1924ರ ವೈದ್ಯಕೀಯ ನೊಬೆಲ್ ಐಂಥೋವನ್ ಅವರಿಗೆ ಬಂತು. ಸುದ್ದಿ ತಲುಪಿದಾಗ ಅವರು ಉಪನ್ಯಾಸಕ್ಕಾಗಿ ಅಮೆರಿಕದಲ್ಲಿದ್ದರು. ಅವರ ಜೀವನ ಬರೆದವರು ಒಂದು ಘಟನೆ ಹೇಳುತ್ತಾರೆ. ಯಂತ್ರ ಕಟ್ಟುವಾಗ ವಾನ್ ಡ ವೂರ್ಡ್ ಎಂಬ ಮೆಕ್ಯಾನಿಕ್ ವರ್ಷಗಟ್ಟಲೆ ಜತೆಗಿದ್ದರು. ಬಹುಮಾನದ ಹಣದಲ್ಲಿ ಅವರಿಗೂ ಪಾಲಿದೆ ಎಂದು ಐಂಥೋವನ್ ಹುಡುಕಿಕೊಂಡು ಹೋದರು. ವಾನ್ ಡ ವೂರ್ಡ್ ಅಷ್ಟರಲ್ಲಿ ತೀರಿಕೊಂಡಿದ್ದರು. ಅವರ ಇಬ್ಬರು ಸಹೋದರಿಯರು ಕಷ್ಟದಲ್ಲಿ ಬದುಕುತ್ತಿದ್ದರು. ಹಣದಲ್ಲಿ ಅರ್ಧವನ್ನು ಅವರಿಗೆ ಕೊಟ್ಟು ಬಂದರಂತೆ. ಮಿನಿ ಪ್ರಾಜೆಕ್ಟಿನಲ್ಲಿ ಸೋಲ್ಡರಿಂಗ್ ಮಾಡಿದ ಗೆಳೆಯನ ಹೆಸರನ್ನು ವರದಿಯ ಕೊನೆಗೆ ತಳ್ಳುವ ನಾವೆಲ್ಲ ಇದನ್ನು ಒಮ್ಮೆ ಓದಬೇಕು.

ಮಗ ವಿಲ್ಲೆಮ್ ಎಲೆಕ್ಟ್ರಿಕಲ್ ಎಂಜಿನಿಯರ್ ಆದರು. ತಂದೆಯ ಗಾಲ್ವನೋಮೀಟರನ್ನು ನಿಸ್ತಂತು ಸಂದೇಶ ಹಿಡಿಯಲು ಬಳಸುವ ಕೆಲಸದಲ್ಲಿ ತೊಡಗಿದರು, ತಂದೆ ಹುಟ್ಟಿದ ಜಾವಾ ದ್ವೀಪದಲ್ಲೇ ರೇಡಿಯೊ ಪ್ರಯೋಗಾಲಯದ ಮುಖ್ಯಸ್ಥರಾದರು. ಮಗಳು ಯೊಹಾನಾ ವೈದ್ಯೆಯಾದರು. 1927ರ ಸೆಪ್ಟೆಂಬರ್ 29ರಂದು, 67ನೇ ವಯಸ್ಸಿನಲ್ಲಿ ಐಂಥೋವನ್ ತೀರಿಕೊಂಡರು. ಅವರ ಮೂರು ಲೀಡ್ ಮುಂದೆ 12 ಲೀಡ್ ಆದವು.

ನರ್ಸ್ ಕೈಗೆ ಬಂದ ಗೆರೆ

ಐಂಥೋವನ್ ತೀರಿಕೊಂಡ ಮೇಲೂ ಎಷ್ಟೋ ವರ್ಷ ಇಸಿಜಿ ಓದುವುದು ವೈದ್ಯರಿಗೆ ಮಾತ್ರ ಎಂಬ ಭಾವನೆಯಿತ್ತು. 1962ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಆಸ್ಪತ್ರೆಯೊಂದರಲ್ಲಿ ಡಾ. ಲಾರೆನ್ಸ್ ಮೆಲ್ಟ್ಜರ್ ಮತ್ತು ನರ್ಸ್ ರೋಸ್ ಪಿನ್ನಿಯೊ ಅದನ್ನು ಮುರಿದರು. ಹೃದಯಾಘಾತವಾದವರ ಪಕ್ಕ ಹಗಲು ರಾತ್ರಿ ಇರುವವರು ನರ್ಸ್‌ಗಳು. ತಾಳ ತಪ್ಪಿದ ಗೆರೆಯನ್ನು ಅವರೇ ಗುರುತಿಸಿ, ವೈದ್ಯರು ಓಡಿ ಬರುವ ಮೊದಲೇ ಶಾಕ್ ಕೊಡಲು ಕಲಿತರೆ ಜೀವ ಉಳಿಯುತ್ತದೆ ಎಂದು ತೋರಿಸಿದರು. 1965ರಲ್ಲಿ ನರ್ಸ್‌ಗಳಿಗೆಂದೇ ಒಂದು ಕೈಪಿಡಿಯನ್ನೂ ಸೇರಿ ಬರೆದರು. ಅದಕ್ಕೂ ಸ್ವಲ್ಪ ಮೊದಲು, 1950ರ ದಶಕದ ಕೊನೆಯಲ್ಲಿ, ವಾಷಿಂಗ್ಟನ್ನಿನಲ್ಲಿ ಹ್ಯೂಬರ್ಟ್ ಪಿಪ್‌ಬರ್ಗರ್ ಇಸಿಜಿಯನ್ನು ಅಂಕಿಗಳಾಗಿ ಬದಲಿಸಿ ಕಂಪ್ಯೂಟರಿನಿಂದ ಓದಿಸುವ ಕೆಲಸ ಆರಂಭಿಸಿದ್ದರು. ಈ ಎರಡು ದಾರಿಗಳು ಸೇರುವ ಜಾಗದಲ್ಲೇ ನಮ್ಮ ಅತ್ತಿಗೆ ಈಗ ನಿಂತಿರುವುದು.

ಅವರು ಹೇಳಿದ ಎರಡು ರಾತ್ರಿಗಳ ಕಥೆ ಹೇಳುತ್ತೇನೆ. ರೋಗಿಗಳ ಹೆಸರನ್ನು ಅವರು ನನಗೂ ಹೇಳಿಲ್ಲ.

ಮೊದಲ ರಾತ್ರಿ ಬಂದವರು ಒಬ್ಬ ವಯಸ್ಸಾದ ಅಜ್ಜಿ. ಗಡಿಬಿಡಿಯಲ್ಲಿ ಇಸಿಜಿ ತೆಗೆದಾಯಿತು. ಯಂತ್ರ ಹೃದಯಾಘಾತದ ಶಂಕೆ ಎಂದು ಅಚ್ಚು ಹಾಕಿತು. ಅಜ್ಜಿಯ ಮಗ ಆಗಲೇ ಅಳಲು ಶುರು ಮಾಡಿದ್ದ. ಅತ್ತಿಗೆ ಅಕ್ಷರ ಬಿಟ್ಟು ಗೆರೆ ನೋಡಿದರು. ಒಂದನೇ ಲೀಡ್ ಪೂರ್ತಿ ತಲೆಕೆಳಗೆ. ಅಂಗಳದ ತ್ರಿಕೋನ ಕಣ್ಣ ಮುಂದೆ ಬಂತಂತೆ. ಹಾಸಿಗೆಯ ಬಳಿ ಹೋಗಿ ನೋಡಿದರೆ ಕೆಂಪು ತಂತಿ ಎಡಗೈಗೆ, ಹಳದಿ ಬಲಗೈಗೆ. ಕಟ್ಟಿದ್ದು ಬೇರೆ ಯಾರೂ ಅಲ್ಲ, ಅತ್ತಿಗೆಯೇ. ಬದಲಿಸಿ ಮತ್ತೆ ತೆಗೆದಾಗ ಗೆರೆ ಸರಿಯಾಗಿತ್ತು. ಡ್ಯೂಟಿ ಡಾಕ್ಟರಿಗೆ ಎರಡೂ ಕಾಗದ ತೋರಿಸಿ, ಮೊದಲನೆಯದು ತನ್ನ ತಪ್ಪು ಎಂದು ಹೇಳಿದರು. ಆ ತಪ್ಪನ್ನು ಮುಚ್ಚಿಟ್ಟಿದ್ದರೆ ಕಾಗದದ ಜತೆ ಅಜ್ಜಿಯನ್ನೂ ದೂರದ ಆಸ್ಪತ್ರೆಗೆ ಓಡಿಸಬೇಕಿತ್ತು.

ಎರಡನೇ ರಾತ್ರಿ ಬಂದವರು ದೋಟಿ ಹಿಡಿದು ಅಡಿಕೆ ಕೊನೆ ಇಳಿಸುವ ಕೆಲಸದವರು. ಸುಮಾರು ನಲವತ್ತೈದು ವಯಸ್ಸು. ಎದೆ ಉರಿ, ಗ್ಯಾಸ್ ಇರಬೇಕು ಎಂದರು. ಇಸಿಜಿ ತೆಗೆದರೆ ಯಂತ್ರ ನಾರ್ಮಲ್ ಎಂದಿತು. ಅವರು ಅಂಗಿ ಹಾಕಿಕೊಂಡು ಹೊರಡಲು ಎದ್ದರು. ಅತ್ತಿಗೆ ತಂತಿಗಳನ್ನು ಒಮ್ಮೆ ನೋಡಿದರು, ಎಲ್ಲ ಸರಿಯಿತ್ತು. ಆಮೇಲೆ ಮನುಷ್ಯನನ್ನು ನೋಡಿದರು. ಬನಿಯನ್ ಬೆವರಿಗೆ ಒದ್ದೆಯಾಗಿತ್ತು.

ಹೃದಯಾಘಾತದ ಆರಂಭದಲ್ಲಿ ಕೆಲವೊಮ್ಮೆ ಗೆರೆ ಇನ್ನೂ ಬದಲಾಗಿರುವುದಿಲ್ಲ. ನೋವು ನಿಲ್ಲದಿದ್ದರೆ ಸ್ವಲ್ಪ ಹೊತ್ತಿನಲ್ಲಿ ಮತ್ತೆ ತೆಗೆಯಬೇಕು. ಇದು ತರಬೇತಿಯ ಸ್ಲೈಡಿನಲ್ಲೂ ಇತ್ತು, ಅತ್ತಿಗೆಯ ನೋಟ್‌ಬುಕ್ಕಿನಲ್ಲೂ ಇತ್ತು. ಅವರು ಡಾಕ್ಟರಿಗೆ ಹೇಳಿ ರೋಗಿಯನ್ನು ಮಲಗಿಸಿಕೊಂಡರು. ಕಾಲು ಗಂಟೆ ಬಿಟ್ಟು ಎರಡನೇ ಇಸಿಜಿ. ಈ ಸಲ ಎರಡನೇ ಮತ್ತು ಮೂರನೇ ಲೀಡಿನ ಗೆರೆ ಮೇಲೆದ್ದಿತ್ತು. ಯಂತ್ರವೂ ಈಗ ಎಚ್ಚರಿಕೆ ಕೊಟ್ಟಿತು. ಗೆರೆ ತಜ್ಞರಿಗೆ ಹೋಯಿತು, ಉತ್ತರ ಬಂತು, ಇಂಜೆಕ್ಷನ್ ಆಯಿತು, ಆಂಬುಲೆನ್ಸ್ ಹೊರಟಿತು. ಆ ಮನುಷ್ಯ ಬದುಕಿದ್ದಾರೆ. ಈ ಸುಗ್ಗಿಯಲ್ಲಿ ದೋಟಿ ಹಿಡಿಯಲಿಲ್ಲವಂತೆ, ತೂಕ ಬರೆದುಕೊಳ್ಳುವ ಕೆಲಸಕ್ಕೆ ಕೂತಿದ್ದಾರಂತೆ.

ಇದನ್ನು ಹೇಳುವಾಗ ಅತ್ತಿಗೆ ದೊಡ್ಡಪ್ಪನ ಹೆಸರು ಎತ್ತಲಿಲ್ಲ. ಬೆವರಿದ ಬನಿಯನ್ ಎಂದಾಗ ಮಾತ್ರ ಸ್ವಲ್ಪ ತಡೆದರು. ನಾನೂ ಏನೂ ಕೇಳಲಿಲ್ಲ.

ಗೆಳೆಯರೇ, ನಮ್ಮ ಕ್ಯಾಂಪಸ್‌ಗಳಲ್ಲಿ ಈಗ ಎಲ್ಲಿ ನೋಡಿದರೂ ಕೃತಕ ಬುದ್ಧಿಮತ್ತೆಯ ಮಾತು. ಕೆಲಸ ಸಿಗುತ್ತದೋ ಹೋಗುತ್ತದೋ ಎಂಬ ಭಯ ನನಗೂ ಇದೆ. ಆದರೆ ಅತ್ತಿಗೆಯ ಜತೆ ಕೂತ ಆ ಸಂಜೆಗಳಿಂದ ನನಗೊಂದು ಕೆಲಸ ಕಣ್ಣಿಗೆ ಬಿದ್ದಿದೆ. ಯಂತ್ರ ತಯಾರಿಸುವವರು ಇದ್ದಾರೆ, ಬಳಸುವವರು ಇದ್ದಾರೆ. ನಡುವೆ ಕೂತು, ಬಳಸುವವರ ಭಾಷೆಯಲ್ಲಿ, ಅವರ ಪ್ರಶ್ನೆಯಿಂದಲೇ ಶುರು ಮಾಡಿ ಕಲಿಸುವವರು ಕಡಿಮೆ. ಒಂದು ದಿನದ ತರಬೇತಿ, ಇಂಗ್ಲಿಷ್ ಸ್ಲೈಡ್, ಪ್ರಮಾಣಪತ್ರ ಇಷ್ಟರಲ್ಲಿ ಅದು ಮುಗಿಯುವುದಿಲ್ಲ. ಬಯೋಮೆಡಿಕಲ್ ಉಪಕರಣ ಓದಿದವರಿಗೆ, ನರ್ಸಿಂಗ್ ಓದಿದವರಿಗೆ, ಕನ್ನಡದಲ್ಲಿ ಚೆನ್ನಾಗಿ ವಿವರಿಸಲು ಬರುವವರಿಗೆ ಇಲ್ಲಿ ಮಾಡುವುದು ಬಹಳಷ್ಟಿದೆ.

ನನ್ನ ಅಂತಿಮ ವರ್ಷದ ಪ್ರಾಜೆಕ್ಟ್ ಈಗಲೇ ನಿರ್ಧಾರವಾಗಿದೆ. ಇಸಿಜಿ ತಂತಿ ಕೈ ಬದಲಾದರೆ ಇಂಗ್ಲಿಷಿನಲ್ಲಿ ಸಣ್ಣ ಅಕ್ಷರದ ಸಾಲು ಹಾಕುವ ಬದಲು, ಕೆಂಪು ಹಳದಿ ಬಣ್ಣದಲ್ಲೇ ತೋರಿಸಿ ಕನ್ನಡದಲ್ಲಿ ಎಚ್ಚರಿಸುವ ಒಂದು ಪುಟ್ಟ ತರಬೇತಿ ಕಿಟ್ ಮಾಡಬೇಕು. ಗೈಡ್ ಇನ್ನೂ ಒಪ್ಪಿಲ್ಲ. ವರದಿಯ ಮೊದಲ ಪುಟದಲ್ಲಿ ಅತ್ತಿಗೆಯ ಹೆಸರನ್ನೂ ಹಾಕುತ್ತೇನೆ ಎಂದಿದ್ದಕ್ಕೆ ಅವರು ಸುಮ್ಮನೆ ಓದು ಎಂದು ಗದರಿದರು. ಅಂಗಳದ ತ್ರಿಕೋನ ಮಳೆಗೆ ಅಳಿಸಿಹೋಗಿದೆ. ಮುಂದಿನ ವಾರ ಅವರ ಜತೆ ಕೆಲಸ ಮಾಡುವ ಇಬ್ಬರು ಹೊಸ ನರ್ಸ್‌ಗಳು ಮನೆಗೆ ಬರುತ್ತಾರಂತೆ. ಸೀಮೆಸುಣ್ಣ ತಂದಿಡು ಎಂದು ಅತ್ತಿಗೆ ಫೋನ್ ಮಾಡಿದ್ದರು. ಈ ಸಲ ಪಾಠ ಹೇಳುವವರು ಅವರೇ.